ಬಾಲಗಂಧರ್ವ ರಂಗಮಂದಿರವೂ ಹಿಂಜವಾಡಿಯ ನಾವೂ

ಹಿಂಜವಾಡಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ‘ಹಳೆಯದು’ ಎಂಬ ಮಾತಿನ ಅಳತೆಯೇ ಬೇರೆ. ತೊಂಬತ್ತರ ದಶಕದ ಕೊನೆಯವರೆಗೂ ಹೊಲಗಳೇ ಇದ್ದ ಈ ಊರಿನಲ್ಲಿ ಹದಿನೈದು ವರ್ಷ ದಾಟಿದ ಕಟ್ಟಡವನ್ನು ನಾವು ಮುದಿ ಕಟ್ಟಡವೆಂದೇ ಕರೆಯುತ್ತೇವೆ. ನಗರಕ್ಕೆ ಹೋಗುವ ದಾರಿಯಲ್ಲಿ, ವಿಶ್ವವಿದ್ಯಾಲಯದ ವೃತ್ತದಲ್ಲಿದ್ದ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿದರು. ಹಿಂಜವಾಡಿಯಿಂದ ಶಿವಾಜಿನಗರಕ್ಕೆ ಬರಲಿರುವ ಮೆಟ್ರೋ ಮಾರ್ಗಕ್ಕೆ ಅದು ಅಡ್ಡವಾಗಿತ್ತು. ಕಟ್ಟಿ ಒಂದೂವರೆ ದಶಕವೂ ತುಂಬಿರಲಿಲ್ಲ. ನಾವು ಯಾರೂ ಮರುಗಲಿಲ್ಲ. ಕಚೇರಿಗೆ ತಲುಪುವುದು ಇನ್ನೆಷ್ಟು ತಡವಾದೀತೆಂದು ಗೊಣಗಿದೆವು, ಅಷ್ಟೇ. ಚೈತ್ರದ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ಮ್ಹಾತೋಬನ ಜಾತ್ರೆಯಾಗುತ್ತದೆ, ನಮ್ಮ ಕಡೆಯ ಸಿಡಿಯ ಒಡಹುಟ್ಟಿನಂತಿರುವ ಬಗಾಡ ಸಾಗುತ್ತದೆ. ಗಾಜಿನ ಗೋಪುರಗಳ ನಡುವೆ ಅದೊಂದೇ ಈ ಊರಿಗೂ ಒಂದು ನೆನ್ನೆಯಿತ್ತೆಂದು ನಮಗೆ ಜ್ಞಾಪಿಸುವುದು.

ಆದ್ದರಿಂದ ಪುಣೆಯ ಬಾಲಗಂಧರ್ವ ರಂಗಮಂದಿರವನ್ನು ಕೆಡವಿ ಹೊಸದಾಗಿ ಕಟ್ಟುವ ಮಾತು ಎದ್ದಾಗ ನಮ್ಮ ಬಳಗದ ಬಹುಮಂದಿ ‘ಕಟ್ಟಲಿ ಬಿಡಿ’ ಎಂದೇ ಹೇಳಿದೆವು ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ವಾಹನ ನಿಲ್ಲಿಸಲು ಅಲ್ಲಿ ಜಾಗವಿಲ್ಲ, ಕಟ್ಟಡಕ್ಕೆ ವಯಸ್ಸಾಗಿದೆ, ಹೊಸದು ಬಂದರೆ ಒಳ್ಳೆಯದೇ ಅಲ್ಲವೆ ಎಂಬುದು ನಮ್ಮ ವಾದವಾಗಿತ್ತು. ಗದಗ ಸೀಮೆಯಿಂದ ಬಂದ ನಮ್ಮ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ನಮ್ಮ ಕಡೆ ಕಂಪನಿ ನಾಟಕದವ್ರು ಕ್ಯಾಂಪ್ ಮುಗೀತಂದ್ರ ಥೇಟರನ್ನ ಕಿತ್ತು ಲಾರಿಗೆ ಹಾಕತಿದ್ರು. ಯಾರೂ ಕಣ್ಣೀರು ಹಾಕಲಿಲ್ಲ. ಇದಕ್ಯಾಕ ಇಷ್ಟು ಗದ್ದಲ?” ಎಂದರು. ಅವರ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ತಗಡಿನ ಥೇಟರಿನ ಕೆಳಗೆ ಕೂತು ನಾಟಕ ನೋಡಿ ಬೆಳೆದವರ ಪ್ರಶ್ನೆ ಅದು. ಪುಸ್ತಕದ ಉತ್ತರಕ್ಕೆ ಬಗ್ಗುವಂಥದಲ್ಲ. ಆ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ನಾವು ಈ ರಂಗಮಂದಿರದ ಕಥೆಯನ್ನು ಹುಡುಕುತ್ತ ಹೋದೆವು.

ಪುಣೆಯನ್ನು ಕಾಣದ ಓದುಗರಿಗಾಗಿ ಜಾಗದ ಪರಿಚಯ ಅಗತ್ಯ. ಶಿವಾಜಿನಗರದಿಂದ ಡೆಕ್ಕನ್ ಕಡೆಗೆ ಸಾಗುವ ಜಂಗಲಿ ಮಹಾರಾಜ ರಸ್ತೆಯಲ್ಲಿ, ಸಂಭಾಜಿ ಉದ್ಯಾನದ ನೆರೆಯಲ್ಲಿ, ಮುಠಾ ನದಿಗೆ ಬೆನ್ನು ಮಾಡಿ ಈ ಕಟ್ಟಡ ನಿಂತಿದೆ. ಕಣ್ಣು ಕುಕ್ಕುವ ಅಲಂಕಾರವೇನೂ ಇಲ್ಲ. ಅರಮನೆಯ ಕಮಾನುಗಳಿಲ್ಲ, ಕೆತ್ತನೆಯ ಕಂಬಗಳಿಲ್ಲ. ಸ್ವಾತಂತ್ರ್ಯಾನಂತರದ ದಿನಗಳಲ್ಲಿ ಊರೂರಿಗೆ ಎದ್ದ ಸಾರ್ವಜನಿಕ ಕಟ್ಟಡಗಳ ಮಿತವಾದ, ಹಗುರ ಗೆರೆಗಳ ಶೈಲಿ ಅದು. ಬೆಂಗಳೂರಿನವರು ತಮ್ಮ ರವೀಂದ್ರ ಕಲಾಕ್ಷೇತ್ರವನ್ನು ನೆನೆದರೆ ಕಾಲದ ಅಂದಾಜು ಸಿಕ್ಕೀತು. ಅದು ಬಾಗಿಲು ತೆರೆದದ್ದು 1963ರಲ್ಲಿ. ಒಳಗೆ ಸಾವಿರಕ್ಕೆ ತುಸು ಕಡಿಮೆ ಆಸನಗಳಿವೆ. ಪ್ರವೇಶದ ಹಜಾರದಲ್ಲಿ ಚಿತ್ರಕಾರ ಗೋಪಾಳ ದೇವುಸ್ಕರ್ ಅವರು ಬರೆದ ಎರಡು ದೊಡ್ಡ ತೈಲಚಿತ್ರಗಳಿವೆ. ಒಂದರಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಎಂಬ ಪುರುಷ. ಇನ್ನೊಂದರಲ್ಲಿ ಅದೇ ವ್ಯಕ್ತಿ ಹೆಣ್ಣಾಗಿ, ಬಾಲಗಂಧರ್ವರಾಗಿ. ಮೊದಲ ಬಾರಿ ಹೋದಾಗ ನಮ್ಮಲ್ಲೊಬ್ಬರು ಎರಡನ್ನೂ ನೋಡಿ ಅಣ್ಣತಂಗಿಯರೆಂದು ತಿಳಿದಿದ್ದರು.

ಈ ಕಟ್ಟಡ ಎದ್ದ ಬಗೆ ತಿಳಿದ ಮೇಲೆ ಅದನ್ನು ನೋಡುವ ನಮ್ಮ ಕಣ್ಣು ಬದಲಾಯಿತು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಅದರ ನೀರಿನ ಹೊಡೆತಕ್ಕೆ ಖಡಕವಾಸಲಾದ ಕಟ್ಟೆಯೂ ಕುಸಿದು, ಮುಠಾ ನದಿ ಪುಣೆಯೊಳಕ್ಕೆ ನುಗ್ಗಿತು. ನದಿಯ ಎರಡು ದಡಗಳ ಪೇಟೆಗಳು ಮುಳುಗಿದವು, ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು. ಹೀಗೆ ಮುಳುಗಿದ್ದ ನಗರ ಮರುವರ್ಷ, 1962ರ ಅಕ್ಟೋಬರ್ 8ರಂದು, ಅದೇ ನದಿಯ ದಡದಲ್ಲಿ ನಾಟಕಶಾಲೆಗೆ ಅಡಿಗಲ್ಲು ಇಟ್ಟಿತು. ಮನೆಗಳನ್ನೇ ಮತ್ತೆ ಕಟ್ಟಿಕೊಳ್ಳಬೇಕಾಗಿದ್ದ ಜನಕ್ಕೆ ಆ ಹೊತ್ತಿನಲ್ಲಿ ನಾಟಕಶಾಲೆ ಏಕೆ ಬೇಕೆನಿಸಿತು? ಇದಕ್ಕೆ ಸಿದ್ಧ ಉತ್ತರವನ್ನು ನಾವು ಕೊಡಲಾರೆವು. ಆದರೆ ಇಂದು ಅದೇ ಕಟ್ಟಡದ ಬಗ್ಗೆ ಲೆಕ್ಕ ಹಾಕುವವರು ಈ ಪ್ರಶ್ನೆಯನ್ನೊಮ್ಮೆ ಎದುರಿಸಬೇಕೆಂದು ನಮಗೆ ತೋರುತ್ತದೆ.

ಅಡಿಗಲ್ಲು ಇಟ್ಟವರು ಸ್ವತಃ ಬಾಲಗಂಧರ್ವರು. ಅವರಿಗೆ ಆಗ ಎಪ್ಪತ್ತನಾಲ್ಕು. ಒಂದು ಕಾಲದಲ್ಲಿ ಅವರು ಉಟ್ಟ ಸೀರೆಯ ಬಗೆಯನ್ನು, ಮುಡಿದ ಹೂವಿನ ರೀತಿಯನ್ನು ಮಹಾರಾಷ್ಟ್ರದ ಸಿರಿವಂತರ ಮನೆಯ ಹೆಣ್ಣುಮಕ್ಕಳು ಅನುಕರಿಸುತ್ತಿದ್ದರು; ರಂಗದ ಮೇಲೆ ನಿಜವಾದ ಜರತಾರಿ, ನಿಜವಾದ ಅತ್ತರು ಬೇಕೆಂಬ ಹಟದಿಂದಲೇ ಅವರ ಗಂಧರ್ವ ನಾಟಕ ಮಂಡಳಿ ಸಾಲದಲ್ಲಿ ಮುಳುಗಿತ್ತು. ಅಡಿಗಲ್ಲಿನ ದಿನಕ್ಕೆ ಆ ವೈಭವವೂ ಇರಲಿಲ್ಲ, ಕಾಲುಗಳಲ್ಲಿ ಬಲವೂ ಇರಲಿಲ್ಲ. 1967ರ ಜುಲೈ 15ರಂದು ಅವರು ತೀರಿಕೊಂಡರು. ರಂಗಮಂದಿರ ತೆರೆದುಕೊಂಡದ್ದು ಮರುವರ್ಷದ ಜೂನ್ 26, ಅವರ ಎಂಬತ್ತನೆಯ ಹುಟ್ಟುಹಬ್ಬದಂದು. ಅಂದಿನ ಕೇಂದ್ರ ಗೃಹಮಂತ್ರಿ ಯಶವಂತರಾವ್ ಚವ್ಹಾಣರ ಕೈಯಿಂದ. ನಿರ್ಮಾಣದ ಉದ್ದಕ್ಕೂ ಸಲಹೆಗಾರರಾಗಿ ನಿಂತವರು ಪು. ಲ. ದೇಶಪಾಂಡೆ. ನಟ, ನಾಟಕಕಾರ, ಹಾರ್ಮೋನಿಯಂ ಬಾರಿಸಬಲ್ಲವರು. ಹೀಗಾಗಿ ಕಟ್ಟಡವನ್ನು ಮುಂದಿನಿಂದ ನೋಡುವವರ ಜೊತೆಗೆ ಹಿಂದಿನಿಂದ ರಂಗಕ್ಕೆ ಬರುವವರ ಅಗತ್ಯವೂ ಲೆಕ್ಕಕ್ಕೆ ಬಂತು. ನಟರಿಗೆ ಬಣ್ಣದ ಕೋಣೆ ಎಲ್ಲಿರಬೇಕು, ರಂಗಸಜ್ಜಿಕೆಯ ಲಾರಿ ಎಲ್ಲಿ ನಿಲ್ಲಬೇಕು ಎಂಬುದನ್ನು ಕಟ್ಟುವ ಮೊದಲೇ ಕೇಳಿದ ಸಾರ್ವಜನಿಕ ಕಟ್ಟಡಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಇದೆಲ್ಲ ಮರಾಠಿಗರ ಕಥೆ, ನಮಗೇನು ಸಂಬಂಧ ಎಂದು ಓದುಗರು ಕೇಳಬಹುದು. ನಾವೂ ಹಾಗೆಯೇ ಕೇಳಿಕೊಂಡಿದ್ದೆವು. ದಾರ ಎಳೆಯುತ್ತ ಹೋದಂತೆ ಅದು ನಮ್ಮ ಊರುಗಳ ಕಡೆಗೇ ಬಂತು.

ಮರಾಠಿ ರಂಗಭೂಮಿಯ ಹುಟ್ಟನ್ನು ಎಣಿಸುವುದು 1843ರ ನವೆಂಬರ್ 5ರಿಂದ. ಅಂದು ಸಾಂಗಲಿಯ ಅರಮನೆಯಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ಪ್ರದರ್ಶನವಾಯಿತು. ಇಂದಿಗೂ ಮಹಾರಾಷ್ಟ್ರದಲ್ಲಿ ಆ ದಿನವನ್ನು ರಂಗಭೂಮಿ ದಿನವಾಗಿ ಆಚರಿಸುತ್ತಾರೆ. ಭಾವೆಯವರಿಗೆ ಈ ಕೆಲಸ ವಹಿಸಿದವರು ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನ್. ಅವರಿಗೆ ಆ ಬಯಕೆ ಹುಟ್ಟಿದ್ದು ಅದಕ್ಕೆ ಸ್ವಲ್ಪ ಮುಂಚೆ ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತರ ಮೇಳವೊಂದರ ಆಟ ನೋಡಿ. ನಮ್ಮ ಭಾಷೆಯಲ್ಲೂ ಇಂಥದೊಂದು ಆಗಬಾರದೇಕೆ ಎಂಬುದು ದೊರೆಯ ಮಾತಿನ ಇಂಗಿತ. ಗೆಜ್ಜೆ ಕಟ್ಟಿಕೊಂಡು ಘಟ್ಟ ಹತ್ತಿ ಬಂದ ಆ ಮೇಳದವರಲ್ಲಿ ಒಬ್ಬರ ಮುಖವೂ ಇಂದು ಯಾರ ಕಣ್ಣಿಗೂ ಕಟ್ಟದು. ಒಂದು ಭಾಷೆಯ ರಂಗಭೂಮಿಯ ಮೊದಲ ಪುಟದಲ್ಲಿ ಮಾತ್ರ ಅವರು ಕುಳಿತಿದ್ದಾರೆ.

ಅದೇ 1843ರ ಮಾರ್ಚಿನಲ್ಲಿ, ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಬಲವಂತ ಪಾಂಡುರಂಗ ಕಿರ್ಲೋಸ್ಕರ್ ಹುಟ್ಟಿದರು. ಮರಾಠಿ ನಾಟಕದವರಿಗೆ ಅವರು ಅಣ್ಣಾಸಾಹೇಬರು. ಪುಣೆಯಲ್ಲಿ ಕಿರ್ಲೋಸ್ಕರ್ ಎಂದರೆ ನಮಗೆ ನೀರೆತ್ತುವ ಪಂಪು, ಎಂಜಿನು ನೆನಪಾಗುತ್ತವೆ. ಆ ಉದ್ಯಮ ಕಟ್ಟಿದ ಲಕ್ಷ್ಮಣರಾಯರೂ ಅದೇ ಗುರ್ಲಹೊಸೂರಿನವರೇ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದವರು. ಮಲಪ್ರಭೆಯ ದಂಡೆಯ ಸಣ್ಣ ಊರೊಂದು ನೆರೆನಾಡಿಗೆ ಸಂಗೀತ ನಾಟಕವನ್ನೂ ಕಬ್ಬಿಣದ ನೇಗಿಲನ್ನೂ ಕೊಟ್ಟಿತೆಂಬುದನ್ನು ಸವದತ್ತಿಯ ಯಲ್ಲಮ್ಮನಿಗೆ ಹೋಗಿಬರುವ ನಾವು ಎಷ್ಟು ಮಂದಿ ಬಲ್ಲೆವು?

ಅಣ್ಣಾಸಾಹೇಬರ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು 1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ರಂಗವೇರಿದವು. ಅವರ ನಾಟಕಗಳ ಪದಗಳಲ್ಲಿ ಕರ್ನಾಟಕದ ಹಾಡುಗಳ ಧಾಟಿಗಳೂ ಸೇರಿಕೊಂಡಿದ್ದವು. ಮುಂದೆ ಈ ಸಂಗೀತ ನಾಟಕಗಳು ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಿಗೆ ಹರಿದುಬಂದಾಗ ನಮ್ಮವರಿಗೆ ಅವು ಒಂದು ಕಡೆ ಬೆರಗು, ಇನ್ನೊಂದು ಕಡೆ ಬೇಗುದಿ. ಮರಾಠಿ ನಾಟಕದ ಅಬ್ಬರದಲ್ಲಿ ಕನ್ನಡ ಕೇಳದಾಗುತ್ತಿದೆ ಎಂದು ನೊಂದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಈ ಬೇಗುದಿಯಿಂದಲೇ. ಕೊಟ್ಟು ತೆಗೆದುಕೊಂಡ ಈ ಲೆಕ್ಕದಲ್ಲಿ ಬಾಕಿ ಯಾರ ಕಡೆಗಿದೆಯೆಂದು ಹೇಳುವುದು ಕಷ್ಟ, ಹೇಳಬೇಕಾಗಿಯೂ ಇಲ್ಲ. ಮರಾಠಿಗೆ ನಾಟಕವನ್ನು ನಾವೇ ಕೊಟ್ಟೆವೆಂದು ಎದೆ ತಟ್ಟಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಗಡಿಯ ಜಗಳಕ್ಕೆ ಇದನ್ನೂ ಒಂದು ಕಲ್ಲಾಗಿ ಎತ್ತಿಕೊಳ್ಳುವುದು ನಮಗೆ ರುಚಿಸದ ಸಂಗತಿ.

ಅಣ್ಣಾಸಾಹೇಬರು ಕಟ್ಟಿದ ಕಿರ್ಲೋಸ್ಕರ್ ಮಂಡಳಿಗೇ 1905ರಲ್ಲಿ ಮಿರಜಿನಲ್ಲಿ ಹದಿನೇಳರ ಹುಡುಗನೊಬ್ಬ ಸೇರಿ ಶಕುಂತಲೆಯಾದ. ಅವನೇ ಬಾಲಗಂಧರ್ವ; ಎಳವೆಯಲ್ಲಿ ಅವನ ಹಾಡು ಕೇಳಿ ಲೋಕಮಾನ್ಯ ತಿಲಕರು ಆ ಹೆಸರು ಕೊಟ್ಟರೆಂದು ಪ್ರತೀತಿ. ಅದೇ ಕಾಲದಲ್ಲಿ ಕುಂದಗೋಳದ ರಾಮಭಾವು ಕುಂದಗೋಳಕರ್ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಮರಾಠಿ ರಂಗದ ಮೇಲೆ ಸೀರೆಯುಟ್ಟು ಹಾಡಿ ‘ಸವಾಯಿ ಗಂಧರ್ವ’ರಾದರು. ಸವಾಯಿ ಎಂದರೆ ಒಂದೂಕಾಲು. ಬಾಲಗಂಧರ್ವರಿಗಿಂತ ಒಂದು ಕಾಲು ಹೆಚ್ಚೆಂಬ ಧ್ವನಿ ಆ ಬಿರುದಿನಲ್ಲಿದೆ. ಅವರು ತೀರಿಕೊಂಡದ್ದು 1952ರಲ್ಲಿ, ಪುಣೆಯಲ್ಲೇ. ಮರುವರ್ಷದಿಂದ ಶಿಷ್ಯ ಭೀಮಸೇನ ಜೋಶಿಯವರು ಗುರುವಿನ ಹೆಸರಿನಲ್ಲಿ ನಡೆಸಿದ ಸಂಗೀತೋತ್ಸವ ಇಂದು ಪುಣೆಯ ಡಿಸೆಂಬರಿನ ಗುರುತೇ ಆಗಿದೆ. ಹಿಂಜವಾಡಿಯಿಂದ ನಗರಕ್ಕೆ ಹೋಗುವಾಗ ಔಂಧಿನಲ್ಲಿ ಸಿಗುವ ನಾಟ್ಯಗೃಹಕ್ಕೆ ಇಟ್ಟಿರುವುದು ಗದುಗಿನ ಈ ಭೀಮಣ್ಣನ ಹೆಸರನ್ನೇ.

ಇನ್ನೊಂದು ಹೆಸರಿದೆ. ಅದನ್ನು ಯಾವ ಕಟ್ಟಡಕ್ಕೂ ಇಟ್ಟದ್ದನ್ನು ನಾವು ಕಂಡಿಲ್ಲ. ಗೋಹರ್‌ಬಾಯಿ ಕರ್ನಾಟಕಿ, ಬೀಳಗಿಯ ಹೆಣ್ಣುಮಗಳು. ಹಿಂದೀ ಚಿತ್ರಗಳಲ್ಲಿ ಹಾಡಿ ಹೆಸರಾದ ಅಮೀರ್‌ಬಾಯಿಯ ಸೋದರಿ. ಬಾಲಗಂಧರ್ವರ ಹಾಡಿಕೆಯನ್ನು ತಟ್ಟೆಗಳಿಂದ ಕೇಳಿ ಕಲಿತು, ಅವರ ಕೊರಳಿನ ಪ್ರತಿಧ್ವನಿಯಂತೆ ಹಾಡುತ್ತಿದ್ದಳು. ಕೊನೆಗೆ ಅವರ ಮಂಡಳಿ ಸೇರಿದಳು, ಬಾಳಸಂಗಾತಿಯಾದಳು. ಹೆಣ್ಣಿನ ಪಾತ್ರವನ್ನು ಗಂಡೇ ಮಾಡಿ ಮೆರೆದ ರಂಗದ ಮೇಲೆ, ಆ ಗಂಡಿಗೆ ವಯಸ್ಸಾದಾಗ, ಹೆಣ್ಣಿನ ಪಾತ್ರಕ್ಕೆ ನಿಂತವಳು ಒಬ್ಬ ಹೆಣ್ಣು. ಅದೂ ಕನ್ನಡದ ಮುಸ್ಲಿಂ ಹೆಣ್ಣು. ಮರಾಠಿ ಶಿಷ್ಟ ಸಮಾಜ ಅವಳನ್ನು ಸುಲಭವಾಗಿ ಕ್ಷಮಿಸಲಿಲ್ಲ. ಕನ್ನಡದವರೂ ಬಹುಕಾಲ ನೆನೆಯಲಿಲ್ಲ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಬರೆದ ಪುಸ್ತಕ ಬಂದ ಮೇಲೆಯೇ ನಮ್ಮಲ್ಲಿ ಹಲವರಿಗೆ ಈ ಅಕ್ಕತಂಗಿಯರ ಪರಿಚಯವಾದದ್ದು. ಗೋಹರ್ 1964ರಲ್ಲಿ ತೀರಿಕೊಂಡಳು. ನದಿಯ ದಡದ ಕಟ್ಟಡ ಪೂರ್ತಿಯಾದದ್ದನ್ನು ಅವಳೂ ಕಾಣಲಿಲ್ಲ, ಅವರೂ ಕಾಣಲಿಲ್ಲ. ಹಜಾರದಲ್ಲಿ ಆ ಎರಡು ಚಿತ್ರಗಳ ಮುಂದೆ ನಿಂತಾಗ ಮೂರನೆಯದೊಂದು ಇರಬೇಕಿತ್ತು ಎಂದು ನಮಗೆ ಪ್ರತಿ ಸಲವೂ ಅನಿಸುತ್ತದೆ.

ಇನ್ನು ಕೆಡವುವ ಪ್ರಸ್ತಾಪದ ವಿಷಯ. 2018ರಲ್ಲಿ, ರಂಗಮಂದಿರಕ್ಕೆ ಐವತ್ತು ತುಂಬಿದ ವರ್ಷವೇ, ಪುಣೆ ಮಹಾನಗರಪಾಲಿಕೆಯ ಮುಂಗಡಪತ್ರದಲ್ಲಿ ಅದರ ಪುನರ್ವಿಕಾಸದ ಮಾತು ಬಂತು. ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಸಭಾಗೃಹ, ಕಲಾಪ್ರದರ್ಶನಕ್ಕೆ ದಾಲಾನು, ವಿಸ್ತಾರವಾದ ವಾಹನ ನಿಲುಗಡೆ ಇರುವ ಸಂಕೀರ್ಣ ಕಟ್ಟುವುದು ಯೋಜನೆಯ ತಿರುಳು. ಕೂಡಲೇ ವಿರೋಧ ಎದ್ದಿತು. ನಾಟಕದವರು, ವಾಸ್ತುಶಿಲ್ಪಿಗಳು, ಹಳೆಯ ಪ್ರೇಕ್ಷಕರು ದನಿಯೆತ್ತಿದರು. ಮುಂದಿನ ವರ್ಷಗಳಲ್ಲಿ ನಕ್ಷೆಗಳು ಬಂದವು, ಸಭೆಗಳಾದವು, ಸರಕಾರಗಳು ಬದಲಾದವು, ಯೋಜನೆ ಮುಂದಕ್ಕೆ ಹೋಯಿತು, ಹಿಂದಕ್ಕೂ ಬಂತು. ನಾವು ಇದನ್ನು ಬರೆಯುವ ಹೊತ್ತಿಗೆ ಕಟ್ಟಡ ನಿಂತಿದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಆಟಗಳು ನಡೆಯುತ್ತಿವೆ. ಆದರೆ ತಲೆಯ ಮೇಲಿನ ಕತ್ತಿ ಪೂರ್ತಿ ಸರಿದಿಲ್ಲ.

ಕೆಡವಬೇಕೆನ್ನುವವರೆಲ್ಲ ರಸಹೀನರು, ಉಳಿಸಬೇಕೆನ್ನುವವರೆಲ್ಲ ರಸಿಕರು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕಲಾವಿದರಲ್ಲೇ ಎರಡು ಬಣಗಳಿದ್ದವು. ಶೌಚಾಲಯಗಳ ಸ್ಥಿತಿ, ಕೈಕೊಡುವ ಹವಾನಿಯಂತ್ರಣ, ಬಣ್ಣದ ಕೋಣೆಯ ಸೊಳ್ಳೆ, ಇವುಗಳ ಬಗ್ಗೆ ನಟನಟಿಯರೇ ಬಹಿರಂಗವಾಗಿ ದೂರಿದ್ದಾರೆ. ಮೂರು ತಾಸಿನ ನಾಟಕಕ್ಕೆ ಬಣ್ಣ ಹಚ್ಚಿ ಕೂರುವ ಹೆಣ್ಣುಮಗಳಿಗೆ ಕಟ್ಟಡದ ಚರಿತ್ರೆಗಿಂತ ಅಲ್ಲಿನ ನೀರಿನ ನಲ್ಲಿ ಮುಖ್ಯವಾದರೆ ತಪ್ಪೇನು? ಆದರೆ ಈ ದೂರುಗಳ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇವುಗಳಲ್ಲಿ ಕಟ್ಟಡ ಕೆಡವದೆ ಸರಿಪಡಿಸಲಾಗದ್ದು ವಾಹನ ನಿಲುಗಡೆಯೊಂದೇ. ಮಿಕ್ಕವೆಲ್ಲ ನಿಗಾ ಇಲ್ಲದ್ದರ ಫಲ; ನಿಗಾ ಇಡದ ಕೈಯಲ್ಲೇ ಮೂರು ಪಟ್ಟು ದೊಡ್ಡ ಕಟ್ಟಡವನ್ನು ಕೊಟ್ಟರೆ ಐದು ವರ್ಷಕ್ಕೆ ಅಲ್ಲೂ ಅದೇ ಸೊಳ್ಳೆ.

ನಮ್ಮನ್ನು ಹೆಚ್ಚು ಕಾಡಿದ್ದು ವಯಸ್ಸಿನ ವಿಷಯ. ನೂರು ವರ್ಷ ದಾಟಿದ್ದಕ್ಕೆ ಮಾತ್ರ ನಮ್ಮ ದೇಶದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನೆರಳು ಕೊಡುತ್ತದೆ. ಹತ್ತು ವರ್ಷದ ಕಟ್ಟಡವನ್ನು ಅದರ ಹೊಸತನವೇ ಕಾಯುತ್ತದೆ. ನಡುವಿನ ಐವತ್ತು, ಅರವತ್ತರವು ಯಾರಿಗೂ ಬೇಡದವು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಗುರುತಾಗಿ ಎದ್ದಿದ್ದ ‘ಹಾಲ್ ಆಫ್ ನೇಷನ್ಸ್’ ಕಟ್ಟಡವನ್ನು 2017ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಕಳೆಯುವುದರೊಳಗೆ ನೆಲಸಮ ಮಾಡಿದರು. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್ ಇಬ್ಬರೂ ಅದನ್ನು ಕಣ್ಣಾರೆ ಕಾಣುವಷ್ಟು ಕಾಲ ಬದುಕಿದ್ದರು. ಅರವತ್ತು ತುಂಬದ ಕಟ್ಟಡ ಪಾರಂಪರಿಕವಾಗದು ಎಂಬುದು ಅಲ್ಲಿನ ಸಮಿತಿಯ ನಿಲುವು. ದೆಹಲಿಯ ಆ ಗೆರೆ ಪುಣೆಗೆ ಅನ್ವಯಿಸದು, ನಿಜ. ಆದರೂ ಬಾಲಗಂಧರ್ವಕ್ಕೆ ಅರವತ್ತು ತುಂಬುವುದು 2028ರ ಜೂನ್ 26ಕ್ಕೆ ಎಂದು ನಮ್ಮಲ್ಲೊಬ್ಬರು ಲೆಕ್ಕ ಹಾಕಿ ಹೇಳಿದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಬೆಂಗಳೂರಿನ ಪ್ಲಾಜಾ ಮೆಟ್ರೋ ನಿಲ್ದಾಣಕ್ಕಾಗಿ ಹೋಯಿತು, ಮೆಜೆಸ್ಟಿಕ್ಕಿನ ಕಪಾಲಿಯೂ ಹೋಯಿತು. ಊರಿಗೆ ಹೋದಾಗ ನಾವು ಅವುಗಳ ಮುಂದೆ ಹಾದು ಹೋಗಿ, ಇಲ್ಲಿ ಏನೋ ಇತ್ತಲ್ಲ ಎಂದು ತಡವರಿಸಿದ್ದೇವೆ.

ಕೆಡವಿದ್ದು ಮತ್ತೆ ಏಳುವವರೆಗಿನ ಕಾಲವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಮಹಾನಗರಪಾಲಿಕೆಯ ಸಭಾಗೃಹವಾದ್ದರಿಂದ ಇಲ್ಲಿನ ಬಾಡಿಗೆ ಖಾಸಗಿಯವಕ್ಕಿಂತ ಕಡಿಮೆ. ವೃತ್ತಿ ನಾಟಕಗಳ ಜೊತೆಗೆ ಹವ್ಯಾಸಿಗಳ ಪ್ರಯೋಗ, ಶಾಲೆಯ ಸಮಾರಂಭ, ಲಾವಣಿಯ ಕಾರ್ಯಕ್ರಮ, ಎಲ್ಲಕ್ಕೂ ಒಂದೇ ರಂಗ. ಕಾಲಿಗೆ ಐದು ಸೇರು ಗೆಜ್ಜೆ ಕಟ್ಟಿದ ಲಾವಣಿಯ ಹೆಣ್ಣುಮಕ್ಕಳು ಇಳಿದುಹೋದ ಹಲಗೆಯ ಮೇಲೆ ಅದೇ ರಾತ್ರಿ ನಾಟ್ಯಸಂಗೀತ ನಡೆಯುತ್ತದೆ. ಇಂಥ ಮಿಶ್ರಣವನ್ನು ಯಾರೂ ಯೋಜಿಸಿ ತಂದದ್ದಲ್ಲ. ಕಡಿಮೆ ಬಾಡಿಗೆ, ಊರ ನಡುವಿನ ಜಾಗ, ಐದು ದಶಕಗಳ ರೂಢಿ ಕೂಡಿ ಆದದ್ದು. ನಾಲ್ಕೈದು ವರ್ಷ ಬಾಗಿಲು ಮುಚ್ಚಿದರೆ ದೊಡ್ಡ ನಿರ್ಮಾಪಕರು ಬೇರೆ ಸಭಾಗೃಹಕ್ಕೆ ಹೋದಾರು. ಸಣ್ಣ ತಂಡಗಳು ಎಲ್ಲಿಗೂ ಹೋಗುವುದಿಲ್ಲ, ಚದುರಿ ಹೋಗುತ್ತವೆ. ಹೊರನಾಡಿನಲ್ಲಿ ವರ್ಷಕ್ಕೊಂದು ಕನ್ನಡ ನಾಟಕ ಆಡಿಸಲು ಸಭಾಗೃಹದ ಬಾಡಿಗೆಗಾಗಿ ಚಂದಾ ಎತ್ತಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿಸಿಕೊಂಡವರೂ ಇದ್ದಾರೆ. ಮುಂಬಯಿಯ ರಾಯಲ್ ಆಪೆರಾ ಹೌಸ್ 1993ರಲ್ಲಿ ಮುಚ್ಚಿತು; ಬಾಲಗಂಧರ್ವರೂ ಹಾಡಿದ್ದ ರಂಗ ಅದು. ಇಪ್ಪತ್ತಮೂರು ವರ್ಷ ಪಾಳು ಬಿದ್ದಿತ್ತು, ಆದರೆ ಯಾರೂ ಕೆಡವಲಿಲ್ಲ. ಆದ್ದರಿಂದಲೇ 2016ರಲ್ಲಿ ದುರಸ್ತಿಯಾಗಿ ತೆರೆಯಲು ಸಾಧ್ಯವಾಯಿತು. ಲಂಡನ್ನಿನಲ್ಲಿ 1989ರಲ್ಲಿ ಕಚೇರಿಯ ಕಟ್ಟಡಕ್ಕೆ ಪಾಯ ತೋಡುವಾಗ 1587ರ ರೋಸ್ ನಾಟಕಶಾಲೆಯ ಅಡಿಪಾಯ ಸಿಕ್ಕಿತು. ನಟರೂ ಜನರೂ ಬೀದಿಗಿಳಿದರು. ಕಚೇರಿಯ ನಕ್ಷೆಯನ್ನೇ ಬದಲಿಸಿ, ಅವಶೇಷವನ್ನು ಕೆಳಗೆ ಉಳಿಸಿಕೊಂಡು ಮೇಲೆ ಕಟ್ಟಿದರು. ಕಚೇರಿಗಳಲ್ಲೇ ಬಾಳು ಸವೆಸುವ ನಮಗೆ ಈ ಉದಾಹರಣೆ ಒಂದು ಬಗೆಯ ಸಮಾಧಾನ ಕೊಡುತ್ತದೆ.

ಹತ್ತಿರದ ಕೊಲ್ಹಾಪುರದ್ದು ಬೇರೆ ಬಗೆಯ ಕಥೆ. ಶುಕ್ರವಾರದ ರಾತ್ರಿ ವಾಕಡ್‌ನಲ್ಲಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೊರಡುವ ನಾವು ಅರೆನಿದ್ರೆಯಲ್ಲಿ ದಾಟುವ ಊರು ಅದು. ಶಾಹು ಮಹಾರಾಜರು ಅಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನೂ ಅದರ ಮಗ್ಗುಲಲ್ಲೇ ಪ್ಯಾಲೇಸ್ ಥಿಯೇಟರನ್ನೂ ಕಟ್ಟಿಸಿದರು. 1915ರ ಈ ನಾಟಕಶಾಲೆಗೆ ಮುಂದೆ ಗಾಯಕ ನಟ ಕೇಶವರಾವ್ ಭೋಸಲೆಯವರ ಹೆಸರಿಟ್ಟರು. 2024ರ ಆಗಸ್ಟ್ 8ರ ರಾತ್ರಿ, ಭೋಸಲೆಯವರ ಜಯಂತಿಯ ಹಿಂದಿನ ದಿನ, ಅದು ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಮರುದಿನ ಕಲಾವಿದರು ಆ ಬೂದಿಯ ಮುಂದೆ ನಿಂತು ಅತ್ತರು. ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕು ಎಂಬ ಕೂಗು ಎದ್ದಿತು, ಸರಕಾರವೂ ಒಪ್ಪಿತು. ಒಂದು ಊರಿನಲ್ಲಿ ಬೆಂಕಿ ತೆಗೆದುಕೊಂಡದ್ದನ್ನು ಇದ್ದಂತೆಯೇ ಎಬ್ಬಿಸಲು ಹಣ ಕೂಡಿಸುತ್ತಿರುವಾಗ, ಇನ್ನೂರು ಚಿಲ್ಲರೆ ಕಿಲೋಮೀಟರು ದೂರದ ಇನ್ನೊಂದು ಊರಿನಲ್ಲಿ ನೆಟ್ಟಗೆ ನಿಂತದ್ದನ್ನು ಹಣ ಕೊಟ್ಟು ಕೆಡವಿಸುವ ಮಾತು.

ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರಿಂದಲೇ. ಕಳೆದ ಮಳೆಗಾಲದಲ್ಲಿ ನಾವು ಏಳೆಂಟು ಮಂದಿ ಅವರನ್ನು ಕರೆದುಕೊಂಡು ಬಾಲಗಂಧರ್ವಕ್ಕೆ ಒಂದು ಸಂಗೀತ ನಾಟಕ ನೋಡಲು ಹೋದೆವು. ಹಿಂಜವಾಡಿಯಿಂದ ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿಗೆ ಎರಡು ತಾಸು ಹಿಡಿಯಿತು; ನಾಂದಿ ತಪ್ಪಿತು. ಮಧ್ಯಂತರದಲ್ಲಿ ಅವರು ಹೊರಗೆ ಬಂದು ಬಟಾ­ಟೆವಡೆ ಕೈಯಲ್ಲಿ ಹಿಡಿದು, ತಿನ್ನದೆ, ಹಜಾರದ ಚಿತ್ರಗಳನ್ನೇ ನೋಡುತ್ತಿದ್ದರು. ತಿರುಗಿ ಬರುವಾಗ ಕಾರಿನಲ್ಲಿ ತಾವಾಗಿಯೇ ಮಾತೆತ್ತಿದರು: “ಕಂಪನಿಯವ್ರು ಥೇಟರ್ ಕೀಳತಿದ್ರು ಖರೆ. ಆದ್ರ ಲಾರಿ ತುಂಬಿಕೊಂಡು ಮುಂದಿನ ಊರಿಗೆ ಒಯ್ತಿದ್ರು. ಅದೇ ತಗಡು, ಅದೇ ಪಡದೆ, ಅದೇ ಕುರ್ಚಿ. ಇದನ್ನ ಕಿತ್ತು ಯಾವ ಊರಿಗೆ ಒಯ್ತಾರ?”

ಆ ಭಾನುವಾರವೇ ನಾವು ಮಹಾನಗರಪಾಲಿಕೆಗೆ ಒಂದು ಮನವಿ ಬರೆಯಲು ಕುಳಿತೆವು. ಮೊದಲು ದುರಸ್ತಿ ಮಾಡಿ, ದುರಸ್ತಿಯ ನಂತರವೂ ಸಾಲದೆನಿಸಿದರೆ ಹೊಸ ಸಭಾಗೃಹವನ್ನು ನಗರ ಬೆಳೆಯುತ್ತಿರುವ ಕಡೆಗೆ ಕಟ್ಟಿ. ಹಿಂಜವಾಡಿಯ ಕಡೆಗೇ ಕಟ್ಟಿದರೆ ನಾವು ಬೇಡವೆನ್ನೆವು ಎಂದು ಅದರಲ್ಲಿ ಕೇಳಿದ್ದೇವೆ. ಹಜಾರದಲ್ಲಿ ಗೋಹರ್‌ಬಾಯಿಯ ಚಿತ್ರಕ್ಕೂ ಒಂದು ಗೋಡೆ ಬಿಡಿ ಎಂಬ ಸಾಲನ್ನು ಸೇರಿಸುವುದೋ ಬೇಡವೋ ಎಂಬ ಚರ್ಚೆ ದೀರ್ಘವಾಗಿ ನಡೆಯಿತು. ವಿಷಯಾಂತರವಾದೀತು ಎಂದು ಕೆಲವರು. ಅದೇ ವಿಷಯ ಎಂದು ಕೆಲವರು. ಕೊನೆಗೆ ಸಾಲು ಉಳಿಯಿತು. ಮನವಿ ಮರಾಠಿಯಲ್ಲಿದೆ, ನಮ್ಮಲ್ಲಿ ಮರಾಠಿ ಚೆನ್ನಾಗಿ ಬಲ್ಲ ಬೆಳಗಾವಿಯ ಗೆಳತಿಯೊಬ್ಬರು ತಿದ್ದಿಕೊಟ್ಟಿದ್ದಾರೆ. ಸಹಿಗಳನ್ನು ಮಾತ್ರ ಎಲ್ಲರೂ ಕನ್ನಡದಲ್ಲೇ ಹಾಕಿದೆವು.